ಅಧಿವೇಶನದ ವಾರದಲ್ಲಿ ಸಿಕ್ಕ ಮೈಕ್ ಸೆಟ್

ಬೆಳಗಾವಿಯ ಟಿಳಕವಾಡಿ ಭಾಗದಲ್ಲಿ ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಒಂದು ಸಣ್ಣ ಅಂಗಡಿಯ ಕುರಿತು ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಹಾಕಬೇಡಿ ಎಂದು ಮಾಲೀಕರೇ ಕೇಳಿಕೊಂಡರು. ಇರುವ ಸಾಮಾನು ಇಷ್ಟೇ, ದುಡಿಯುವ ಹುಡುಗರು ಮೂವರೇ, ಈಗ ಬರುತ್ತಿರುವ ಕೆಲಸವನ್ನು ಮುಗಿಸುವುದೇ ಕಷ್ಟವಾಗಿರುವಾಗ ಇನ್ನಷ್ಟು ಫೋನುಗಳು ಬಂದರೆ ಏನು ಮಾಡಲಿ ಎಂಬುದು ಅವರ ವಾದ. ಹೆಸರಿಲ್ಲದ ವಿಮರ್ಶೆ ಯಾರಿಗೆ ಬೇಕು ಎಂದು ನನಗೂ ಅನ್ನಿಸಿತ್ತು. ಆದರೆ ಗೊತ್ತಿಲ್ಲದ ಊರಿನಲ್ಲಿ ಮೈಕ್‌ನವರನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ವಿಷಯದಲ್ಲಿ ನನಗಿದ್ದ ಕಲ್ಪನೆ ಆ ಎರಡು ದಿನಗಳಲ್ಲಿ ಬದಲಾದದ್ದರಿಂದ, ತಂಡ ಕಟ್ಟಿಕೊಂಡು ಊರೂರು ತಿರುಗುವ ಇತರರಿಗೆ ಇದು ಉಪಯೋಗಕ್ಕೆ ಬಂದೀತು. ಅಂಗಡಿಯೇ ಬೇಕೆನ್ನುವವರು ರಂಗಮಂದಿರಗಳ ಕಾವಲುಗಾರರನ್ನು ವಿಚಾರಿಸಿದರೆ ಸಾಕು, ನಮಗೆ ಸಿಕ್ಕಿದ್ದೂ ಹಾಗೆಯೇ.

ನಾನು ಬೆಂಗಳೂರಿನ ಐದು ಜನರ ರಾಕ್ ತಂಡವೊಂದಕ್ಕೆ ಧ್ವನಿ ನಿರ್ವಹಣೆ ಮಾಡುತ್ತೇನೆ. ಕಾರ್ಯಕ್ರಮ ಚೆನ್ನಾಗಿ ಆದರೆ ನಾನಿದ್ದೆನೆಂದು ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟರೆ ಸಭಾಂಗಣದ ಎಲ್ಲರೂ ಹಿಂದಿರುಗಿ ನನ್ನನ್ನೇ ನೋಡುತ್ತಾರೆ. ಕಳೆದ ಡಿಸೆಂಬರ್‌ನಲ್ಲಿ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಒಂದೊಂದು ಕಾರ್ಯಕ್ರಮ ಮುಗಿಸಿ, ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ನಮ್ಮಲ್ಲಿ ಯಾರೂ ಅದಕ್ಕೆ ಮೊದಲು ಬೆಳಗಾವಿಯನ್ನು ನೋಡಿರಲಿಲ್ಲ.

ಬೆಂಗಳೂರಿನಿಂದ ಸುಮಾರು 500 ಕಿಲೋಮೀಟರ್ ದೂರದ ಊರಿಗೆ ನಮ್ಮಂಥ ತಂಡ ಎಲ್ಲವನ್ನೂ ಹೊತ್ತುಕೊಂಡು ಹೋಗಲಾರದು. ಟೆಂಪೋ ಟ್ರಾವೆಲರ್‌ನಲ್ಲಿ ಗಿಟಾರ್‌ಗಳು, ಅವುಗಳ ಪೆಡಲ್‌ಗಳು, ಡ್ರಮ್ಮರ್‌ನ ಸ್ವಂತ ಸ್ನೇರ್ ಎಂಬ ಚಿಕ್ಕ ಡ್ರಮ್, ಸಿಂಬಲ್‌ಗಳು ಮತ್ತು ಕಾಲಿನ ಪೆಡಲ್ ಹಿಡಿಸುತ್ತವೆ. ಉಳಿದ ಡ್ರಮ್‌ಗಳು, ಗಿಟಾರಿನ ಆಂಪ್ಲಿಫೈಯರ್‌ಗಳು, ಮಿಕ್ಸರ್, ಮೈಕ್, ಸ್ಪೀಕರ್ ಎಲ್ಲವೂ ಹೋದ ಊರಿನಲ್ಲೇ ಬಾಡಿಗೆಗೆ ದೊರೆಯಬೇಕು. ಏನೇನು ಬೇಕೆಂದು ಮುಂಚಿತವಾಗಿ ಕಳಿಸುವ ಪಟ್ಟಿಯನ್ನು ನಾವು ರೈಡರ್ ಎನ್ನುತ್ತೇವೆ. ಆ ಪಟ್ಟಿಯನ್ನು ಎರಡು ವಾರ ಮೊದಲೇ ಬೆಳಗಾವಿಯ ಬೇರೊಂದು ದೊಡ್ಡ ಸಂಸ್ಥೆಗೆ ಕಳಿಸಿ, ಮುಂಗಡವನ್ನೂ ಕೊಟ್ಟಾಗಿತ್ತು. ಕಾರ್ಯಕ್ರಮದ ಹಿಂದಿನ ದಿನ ನಾವು ಕಿತ್ತೂರು ದಾಟುತ್ತಿದ್ದಾಗ ಅವರಿಂದ ಕರೆ ಬಂತು. ಸಾಮಾನು ಬೇರೆ ಕಡೆ ಹೋಗಿದೆ, ಮುಂಗಡ ವಾಪಸು ಹಾಕುತ್ತೇವೆ ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟರು. ಹಣವೇನೋ ಆ ಸಂಜೆಯೇ ಬಂತು.

ಹೀಗಾದದ್ದು ಏಕೆಂದು ಹಲಗಾದ ಹತ್ತಿರ ಹೆದ್ದಾರಿಯಿಂದಲೇ ಸುವರ್ಣ ವಿಧಾನಸೌಧ ಕಾಣಿಸಿದಾಗ ಅರ್ಥವಾಯಿತು. 2012ರಲ್ಲಿ ಉದ್ಘಾಟನೆಯಾದ ಈ ಕಟ್ಟಡದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಊರಿನ ವಸತಿಗೃಹಗಳು, ಬಾಡಿಗೆ ಕಾರುಗಳು, ಅಡುಗೆಯವರು ಎಲ್ಲರೂ ಅತ್ತ ಕಡೆಗೇ ಹೊರಡುತ್ತಾರೆ. ಸೌಧದ ಸಮೀಪ ದಿನಕ್ಕೊಂದು ಸಂಘಟನೆ ಟೆಂಟ್ ಹಾಕಿ ಧರಣಿ ಕೂರುತ್ತದೆ, ಪ್ರತಿ ಟೆಂಟಿಗೂ ಒಂದು ಮೈಕ್ ಸೆಟ್ ಬೇಕಾಗುತ್ತದೆ. ಧನುರ್ಮಾಸದಲ್ಲಿ ಮದುವೆಗಳಿರುವುದಿಲ್ಲ, ಆದ್ದರಿಂದ ಸೌಂಡ್‌ನವರು ಬಿಡುವಾಗಿರುತ್ತಾರೆ ಎಂದು ಬೆಂಗಳೂರಿನಲ್ಲಿ ಕುಳಿತು ಹಾಕಿದ ನನ್ನ ಲೆಕ್ಕ ಬೆಳಗಾವಿಗೆ ಅನ್ವಯಿಸುವಂಥದ್ದಾಗಿರಲಿಲ್ಲ. ಡಿಸೆಂಬರ್‌ನಲ್ಲಿ ಇಲ್ಲಿಗೆ ಬರುವ ಯಾವುದೇ ತಂಡ ಮೊದಲು ಅಧಿವೇಶನದ ದಿನಾಂಕಗಳನ್ನು ನೋಡಿಕೊಳ್ಳಬೇಕು.

ಸಭಾಂಗಣದ ಕಾವಲುಗಾರರು ಕೊಟ್ಟ ನಂಬರಿಗೆ ಫೋನ್ ಮಾಡಿ ಸಂಜೆ ಆರರ ಹೊತ್ತಿಗೆ ಅಂಗಡಿ ತಲುಪಿದೆವು. ಮುಂಭಾಗದಲ್ಲಿ ಹಳೆಯ ತಗಡಿನ ಹಾರ್ನ್ ಸ್ಪೀಕರ್‌ಗಳು ಒಂದರೊಳಗೊಂದು ಕೂತಿದ್ದವು. ಒಳಗೆ ಹೋದಂತೆ ಕಾಲ ಮುಂದಕ್ಕೆ ಸರಿಯುತ್ತಿತ್ತು: ಮರದ ಕಾಲಂ ಬಾಕ್ಸ್‌ಗಳು, ಆಮೇಲೆ ದೊಡ್ಡ ಬೇಸ್ ಬಾಕ್ಸ್‌ಗಳು, ಕೊನೆಯ ಕೋಣೆಯಲ್ಲಿ ಬಟ್ಟೆ ಹೊದಿಸಿಟ್ಟ 24 ಚಾನೆಲ್‌ಗಳ ಅನಲಾಗ್ ಮಿಕ್ಸರ್. ನಾವು ಕೇಳಿದ್ದು ಡಿಜಿಟಲ್ ಮಿಕ್ಸರ್. ಅರವತ್ತರ ಆಸುಪಾಸಿನ ಮಾಲೀಕರು ರೈಡರನ್ನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಈ ವೃತ್ತಿಯಲ್ಲಿ ಹಲವಾರು ವರ್ಷ ಕಳೆದಿರುವ ನಾನು ರೈಡರ್ ಪೂರ್ತಿ ಓದಿದ ಬಾಡಿಗೆಯವರನ್ನು ಕಂಡದ್ದು ಕಡಿಮೆ. ಹೆಚ್ಚಿನವರು "ಎಲ್ಲಾ ಆಗುತ್ತೆ ಸರ್" ಎಂದುಬಿಡುತ್ತಾರೆ. ಇವರು ಪೆನ್ಸಿಲ್ ತೆಗೆದುಕೊಂಡು, ಇದ್ದದ್ದಕ್ಕೆ ಸರಿ ಗುರುತು, ಇಲ್ಲದ್ದಕ್ಕೆ ಸೊನ್ನೆ ಹಾಕುತ್ತಾ ಹೋದರು. ಹದಿನೆಂಟು ಸಾಲುಗಳಲ್ಲಿ ಏಳು ಸೊನ್ನೆಗಳು ಬಂದವು.

ಮೈಕ್‌ಗಳ ವಿಷಯಕ್ಕೆ ಬಂದಾಗ ಅವರು ಎರಡು ಪೆಟ್ಟಿಗೆಗಳನ್ನು ತೆರೆದರು. 1966ರಲ್ಲಿ ಮಾರುಕಟ್ಟೆಗೆ ಬಂದ ಶೂರ್ ಕಂಪನಿಯ ಎಸ್‌ಎಂ 58 ಇಂದಿಗೂ ಹಾಡುಗಾರರ ಕೈಯಲ್ಲಿ ಅತಿ ಹೆಚ್ಚಾಗಿ ಕಾಣುವ ಮೈಕ್. ಅಷ್ಟೇ ಪ್ರಮಾಣದಲ್ಲಿ ಅದರ ನಕಲುಗಳೂ ಎಲ್ಲೆಡೆ ಓಡಾಡುತ್ತವೆ, ನೋಡಲು ಒಂದೇ ಥರ ಇರುತ್ತವೆ. "ಇವು ನಾಕು ಅಸಲೀ ಅದಾವ್ರಿ. ಇವು ಆರು ಡೂಪ್ಲಿಕೇಟ್. ಹಾಡಾವರಿಗೆ ಅಸಲೀ ಕೊಡ್ತೀನಿ, ನಿರೂಪಣಾ ಮಾಡಾವರಿಗೆ ಡೂಪ್ಲಿಕೇಟ್ ನಡೀತೈತಿ" ಎಂದು ಅವರು ತಾವಾಗಿಯೇ ಹೇಳಿದರು. ನನಗೆ ಆ ಅಂಗಡಿಯ ಮೇಲೆ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲಿ. ಅಲ್ಲಿಯವರೆಗೆ ಅವರನ್ನು ಸರ್ ಎನ್ನುತ್ತಿದ್ದ ನಮ್ಮ ಹುಡುಗರು ಆಮೇಲೆ ಊರವರಂತೆ ಕಾಕಾ ಎನ್ನತೊಡಗಿದರು.

ಸೊನ್ನೆಗಳನ್ನು ತುಂಬಿಸಲು ಅವರು ಅಂದೇ ರಾತ್ರಿ ಫೋನ್ ಹಿಡಿದು ಕುಳಿತರು. ಡ್ರಮ್‌ಗಳು ಮತ್ತು ಒಂದು ಗಿಟಾರ್ ಆಂಪ್ಲಿಫೈಯರ್ ಕ್ಯಾಂಪ್ ಭಾಗದ ಚರ್ಚೊಂದರ ಗಾಯಕವೃಂದದಿಂದ ಬಂದವು. ಗೋವಾದ ನೆರೆಯಲ್ಲಿರುವ, ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬಗಳು ಬಹುಕಾಲದಿಂದ ನೆಲೆಸಿರುವ ಈ ಊರಿನಲ್ಲಿ ಗಿಟಾರ್, ಡ್ರಮ್‌ಗಳು ಹೊಸ ವಸ್ತುಗಳಲ್ಲ ಎಂಬುದು ನಮಗೆ ಹೊಳೆದಿರಲೇ ಇಲ್ಲ. ರಾಕ್ ಸಂಗೀತವನ್ನು ನಾವು ಬೆಳಗಾವಿಗೆ ಮೊದಲ ಬಾರಿ ತೋರಿಸಲು ಹೊರಟವರಂತೆ ಪ್ರಚಾರ ಮಾಡಿಕೊಂಡಿದ್ದಕ್ಕೆ, ಆ ಡ್ರಮ್‌ಗಳು ಒಳ್ಳೆಯ ಸ್ಥಿತಿಯಲ್ಲಿ, ಸರಿಯಾಗಿ ಶ್ರುತಿಗೊಂಡು ಬಂದಾಗ ಸ್ವಲ್ಪ ಮುಜುಗರವಾಯಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಕಾಕಾ ಸಾಮಾನಿಲ್ಲದೆ ಒಬ್ಬರೇ ಸಭಾಂಗಣಕ್ಕೆ ಬಂದರು. ಅದು ನಾಟಕಗಳಿಗಾಗಿ ಕಟ್ಟಿದ ಹಳೆಯ ಮಂದಿರ. ವೇದಿಕೆಯ ಮೇಲೆ ನಿಂತು ಮಾತಾಡಿದರೆ ಮೈಕ್ ಇಲ್ಲದೆಯೇ ಕೊನೆಯ ಸಾಲಿಗೆ ಕೇಳುತ್ತದೆ. ನಟನಿಗೆ ವರವಾದ ಇದೇ ಗುಣ ಡ್ರಮ್ಮರ್‌ಗೆ ಶಾಪ. ಕಾಕಾ ವೇದಿಕೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು, ಎಡಕ್ಕೆ ಸರಿದು ಮತ್ತೊಮ್ಮೆ ತಟ್ಟಿದರು, ಆಮೇಲೆ ನನ್ನನ್ನು ತಟ್ಟಲು ಹೇಳಿ ತಾವು ಕುರ್ಚಿಗಳ ನಡುವೆ ನಡೆದಾಡಿದರು. ವೇದಿಕೆಯಿಂದ ಹಿಂದಿನ ಗೋಡೆಗೆ ಸುಮಾರು 25 ಮೀಟರ್ ಇತ್ತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುವುದರಿಂದ, ಗೋಡೆಗೆ ಬಡಿದು ವೇದಿಕೆಗೆ ಮರಳಲು ಅದಕ್ಕೆ ಒಂದು ಸೆಕೆಂಡಿನ ಏಳನೆಯ ಒಂದು ಭಾಗ ಬೇಕು. ಅಷ್ಟು ತಡವಾಗಿ ಮರಳಿದ ಸ್ನೇರ್‌ನ ಏಟು ಇನ್ನೊಂದು ಏಟಿನಂತೆಯೇ ಕೇಳುತ್ತದೆ, ವೇಗದ ಹಾಡಿನಲ್ಲಿ ಡ್ರಮ್ಮರ್‌ನ ಲಯವನ್ನೇ ಎಳೆದು ಕೆಡಿಸುತ್ತದೆ. ನಾನು ಇದನ್ನು ಲ್ಯಾಪ್‌ಟಾಪ್ ತೆರೆದು ಲೆಕ್ಕ ಹಾಕಿ ಹೇಳುವಷ್ಟರಲ್ಲಿ ಅವರು ಪೆಂಡಾಲ್‌ನವರಿಗೆ ಫೋನ್ ಮಾಡಿ ದಪ್ಪನೆಯ ಜಮಖಾನೆಗಳನ್ನು ತರಿಸುತ್ತಿದ್ದರು. ಎಂಟು ಜಮಖಾನೆಗಳನ್ನು ಹಿಂದಿನ ಗೋಡೆಗೆ, ಬಾಲ್ಕನಿಯ ಕಟಾಂಜನಕ್ಕೆ ತೂಗಿಬಿಟ್ಟು, ಸ್ಪೀಕರ್‌ಗಳ ಮುಖವನ್ನು ಗೋಡೆಯಿಂದ ಜನರ ಕಡೆಗೆ ಬಗ್ಗಿಸಿದರು. ಪ್ರತಿಧ್ವನಿ ಪೂರ್ತಿ ಹೋಗಲಿಲ್ಲ, ಆದರೆ ಹಲ್ಲು ಕಿತ್ತ ಹಾಗಾಯಿತು.

ವಿದ್ಯುತ್ತಿನ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಪರ ಊರಿನ ಸಭಾಂಗಣಗಳಲ್ಲಿ ನನಗೆ ಎದುರಾಗುವ ಮೊದಲ ಕಿರಿಕಿರಿ ಎಂದರೆ ಗುಂಯ್ ಎನ್ನುವ ಸದ್ದು. ನಮ್ಮ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್‌ನದು. ವೇದಿಕೆಯ ಆಂಪ್ಲಿಫೈಯರ್ ಒಂದು ಕಡೆಯ ಅರ್ಥಿಂಗ್‌ಗೂ ಸಭೆಯ ಹಿಂಭಾಗದ ಮಿಕ್ಸರ್ ಇನ್ನೊಂದು ಕಡೆಯ ಅರ್ಥಿಂಗ್‌ಗೂ ಸೇರಿದಾಗ, ಎರಡರ ನಡುವಿನ ಸಣ್ಣ ವ್ಯತ್ಯಾಸವೇ ಕೇಬಲ್‌ನ ಮೂಲಕ ಹರಿದು ಆ 50 ಹರ್ಟ್ಸ್ ಸ್ಪೀಕರ್‌ನಲ್ಲಿ ಮೊರೆಯತೊಡಗುತ್ತದೆ. ಇದಕ್ಕೆ ಬಹಳ ಕಡೆ ಮಾಡುವ ಮದ್ದು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ಕಿತ್ತುಹಾಕುವುದು. ಸದ್ದೇನೋ ನಿಲ್ಲುತ್ತದೆ, ಆದರೆ ಆ ಆಂಪ್ಲಿಫೈಯರ್‌ನೊಳಗೆ ಏನಾದರೂ ದೋಷವಾದರೆ ಗಿಟಾರಿನ ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದ ಹಾಡುಗಾರನ ಮೈಯಲ್ಲೇ ವಿದ್ಯುತ್ತು ಹರಿಯುತ್ತದೆ. ಕಾಕಾ ವೇದಿಕೆಗೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ ಲೈನ್ ಎಳೆದು, ಬಣ್ಣದ ದೀಪಗಳನ್ನು ಬೇರೆ ಫೇಸ್‌ಗೆ ಹಾಕಿಸಿ, ಪ್ರತಿ ಮೈಕಿನ ಜಾಲರಿಗೂ ಗಿಟಾರಿನ ತಂತಿಗೂ ನಡುವೆ ಮೀಟರ್ ಹಿಡಿದು ನೋಡಿದ ಮೇಲೆಯೇ ಹಾಡುಗಾರರನ್ನು ವೇದಿಕೆ ಹತ್ತಲು ಬಿಟ್ಟರು. ಉಳಿದಿದ್ದ ಸಣ್ಣ ಮೊರೆತವನ್ನು ನಮ್ಮ ಡಿಐ ಬಾಕ್ಸ್‌ಗಳು, ಅಂದರೆ ವಾದ್ಯವನ್ನು ನೇರವಾಗಿ ಮಿಕ್ಸರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಗಳು, ನಿಲ್ಲಿಸಿದವು. ಬೆಂಗಳೂರಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿಯೂ ಈ ಮೀಟರ್ ಹಿಡಿಯುವ ಶಿಸ್ತನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು ಸಲ.

ನಮ್ಮಿಬ್ಬರ ನಡುವೆ ಜಗಳ ಹತ್ತಿದ್ದು ಡ್ರಮ್ ಮೈಕ್‌ಗಳ ಲೆಕ್ಕದಲ್ಲಿ. ರೈಡರ್‌ನಲ್ಲಿ ಏಳು ಎಂದು ಬರೆದಿದ್ದೆ. "ಅಲ್ರೀ, ಇಷ್ಟ ಸಣ್ಣ ಹಾಲಿನ್ಯಾಗ ಡ್ರಮ್ಮಿಗೆ ಏಳು ಮೈಕ್ ಯಾಕ್ರಿ? ಮೊದಲ ಮೂರು ಹಚ್ಚಿ ಕೇಳ್ರಿ, ಸಾಲಲಿಲ್ಲಂದ್ರ ಆಮ್ಯಾಲ ಮಾತಾಡೂಣು" ಎಂದರು. ಮೈಕ್ ಉಳಿಸುವ ಉಪಾಯವಿದು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೊಂದು, ಸ್ನೇರ್‌ಗೊಂದು, ತಲೆಯ ಮೇಲೆ ಒಂದು, ಹೀಗೆ ಮೂರೇ ಇಟ್ಟು ಕೇಳಿದಾಗ ಅವರ ಮಾತು ಸರಿಯಾಗಿತ್ತು. ಡ್ರಮ್‌ಗಳ ಸ್ವಂತ ಶಬ್ದವೇ ಆ ಸಭಾಂಗಣವನ್ನು ತುಂಬುತ್ತಿದ್ದುದರಿಂದ ಸ್ಪೀಕರ್‌ಗಳು ಮಾಡಬೇಕಾದ ಕೆಲಸ ತೀರ ಕಡಿಮೆ ಇತ್ತು. ನಾಲ್ಕು ಹೆಚ್ಚುವರಿ ಮೈಕ್‌ಗಳು ಡ್ರಮ್ಮಿಗಿಂತ ಹೆಚ್ಚಾಗಿ ಪಕ್ಕದ ಗಿಟಾರಿನ ಸದ್ದನ್ನೇ ಹೀರಿಕೊಳ್ಳುತ್ತಿದ್ದವು.

ಅವರ ಕಿವಿ ಪಳಗಿದ್ದು ಬೇರೆ ಕಡೆ. ಭಜನೆ, ನಾಟಕ, ಗಣೇಶೋತ್ಸವದ ಮಂಟಪ, ಹಿಂದೂಸ್ತಾನಿ ಬೈಠಕ್ ಇವೆಲ್ಲ ಅವರ ನಿತ್ಯದ ಕೆಲಸ. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿ ಬೆಳಗಾವಿಗೆ ಹತ್ತಿರದ ಊರು. ಪಕ್ಕದ ಧಾರವಾಡದ ಸಂಗೀತ ಪರಂಪರೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ತಂಬೂರಿಯ ನಾದ ಕೆಡದಂತೆ, ತಬಲಾದ ಎಡಭಾಗ ಗುಡುಗದಂತೆ, ಹಾಡುಗಾರ ತಲೆ ತಿರುಗಿಸಿದರೂ ಸ್ವರ ತಪ್ಪದಂತೆ ಮೈಕ್ ಇಡಲು ಕಲಿತವರಿಗೆ ರಾಕ್ ತಂಡ ಅಂಥ ದೊಡ್ಡ ಒಗಟಲ್ಲ, ಸದ್ದು ಮಾತ್ರ ಹೆಚ್ಚು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಕಿಕ್ ಡ್ರಮ್ಮಿನ ಗುದ್ದು ಅದಕ್ಕಿಂತ ತುಸು ಮೇಲೆ ಇರುತ್ತದೆ. ಎರಡನ್ನೂ ಎತ್ತಿದರೆ ಆ ಮಂದಿರದ ಮರದ ವೇದಿಕೆಯೇ ಮೂರನೆಯ ವಾದ್ಯವಾಗಿ ಗುಂಯ್‌ಗುಡುತ್ತಿತ್ತು. ನಾನು ಬೇಸ್ ಏರಿಸಿದಾಗಲೆಲ್ಲ ಅವರು ಬಂದು ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತಿದ್ದರು. ಕೊನೆಗೆ ಬಾಯಿಬಿಟ್ಟು ಹೇಳಿದರು: "ನಮ್ಮ ಕಡೆ ಮಂದಿ ಮೊದಲ ಮಾತು ಕೇಳ್ತಾರ್ರಿ. ಮಾತ ತಿಳೀಲಿಲ್ಲಂದ್ರ ನೀವು ಎಷ್ಟ ಛಲೋ ಬಾರ್ಸಿದ್ರೂ ಎದ್ದು ಹೋಗ್ತಾರ." ಹುಬ್ಬಳ್ಳಿಯಲ್ಲಿ ಅರ್ಧಕ್ಕೆ ಎದ್ದು ಹೋದ ಎರಡು ಸಾಲುಗಳು ನನಗೆ ನೆನಪಾದವು. ಸಾಹಿತ್ಯವನ್ನು ಎಲ್ಲದಕ್ಕಿಂತ ಮುಂದಿಟ್ಟು, ಗಿಟಾರ್‌ಗಳನ್ನು ಅದರ ಹಿಂದೆ ಕೂರಿಸಿ ಮಿಕ್ಸ್ ಮಾಡಿದೆ. ಗಿಟಾರ್ ವಾದಕ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ.

ದೂರುಗಳೂ ಇವೆ. ಮಧ್ಯಾಹ್ನ ಒಂದಕ್ಕೆ ಬರಬೇಕಿದ್ದ ಸಾಮಾನಿನ ಗಾಡಿ ಎರಡೂವರೆಗೆ ಬಂತು. ಅಧಿವೇಶನದ ಟ್ರಾಫಿಕ್ ಎಂಬ ಕಾರಣ ನಿಜವಿರಬಹುದು, ಆದರೆ ಅದು ಅವರಿಗೆ ಮೊದಲೇ ಗೊತ್ತಿರಬೇಕಿತ್ತು. ವೇದಿಕೆಯ ಮೇಲಿನ ಮಾನಿಟರ್‌ಗಳಿಗೆ, ಅಂದರೆ ಕಲಾವಿದರು ತಮ್ಮನ್ನು ತಾವು ಕೇಳಿಸಿಕೊಳ್ಳುವ ಸ್ಪೀಕರ್‌ಗಳಿಗೆ, ನಾವು ನಾಲ್ಕು ಬೇರೆ ಬೇರೆ ಮಿಕ್ಸ್ ಕೇಳಿದ್ದೆವು, ಸಿಕ್ಕಿದ್ದು ಎರಡೇ. ಹಾಗಾಗಿ ಹಾಡುಗಾರ್ತಿಗೆ ತನ್ನ ದನಿಯ ಜೊತೆ ತನಗೆ ಬೇಡವಾದ ಕೀಬೋರ್ಡ್ ಕೂಡ ಕಿವಿಗೆ ಬೀಳುತ್ತಿತ್ತು. ಮೂರನೆಯ ಹಾಡಿನಲ್ಲಿ ಒಂದು ಮಾನಿಟರ್ ಪೂರ್ತಿ ಸತ್ತಿತು, ಬದಲಿ ತರಲು ಎರಡು ಹಾಡುಗಳಷ್ಟು ಹೊತ್ತಾಯಿತು. ಕೇಬಲ್‌ಗಳ ಮೇಲೆ ಗುರುತಿನ ಚೀಟಿಗಳೇ ಇಲ್ಲ. ಯಾವುದು ಯಾವ ಚಾನೆಲ್ ಎಂಬುದು ಕಾಕಾ ಅವರ ತಲೆಯಲ್ಲಿ ಮಾತ್ರ ಇರುತ್ತದೆ, ಅವರು ಚಹಾ ಕುಡಿಯಲು ಹೊರಗೆ ಹೋದರೆ ಎಲ್ಲರೂ ಕೈಕಟ್ಟಿ ನಿಲ್ಲಬೇಕು. ಎರಡು ಮೈಕ್ ಸ್ಟ್ಯಾಂಡ್‌ಗಳ ಕತ್ತು ಟೇಪಿನ ಬಲದಿಂದ ನಿಂತಿತ್ತು. ಇದೆಲ್ಲಕ್ಕಿಂತ ದೊಡ್ಡ ತಮಾಷೆಯೆಂದರೆ ಎಕೋ. ಜಾತ್ರೆ, ಸಭೆಗಳಲ್ಲಿ ಮೈಕ್ ಎಂದರೆ ಎಕೋ ಇರಲೇಬೇಕೆಂಬ ರೂಢಿಯಿಂದ, ಅವರ ಹುಡುಗನೊಬ್ಬ ಹಲೋ ಹಲೋ ಎಂದು ಪರೀಕ್ಷಿಸುವಾಗ ಹಾಕಿದ ಎಕೋ ಹಾಗೆಯೇ ಉಳಿದು, ನಮ್ಮ ಮೊದಲ ಹಾಡಿನ ಮೊದಲ ಸಾಲು ಮೂರು ಮೂರು ಸಲ ಕೇಳಿತು. ಸಭೆಯಲ್ಲಿ ಕೆಲವರು ಅದನ್ನೇ ಮೆಚ್ಚಿ ಶಿಳ್ಳೆ ಹೊಡೆದರು.

ಕಾರ್ಯಕ್ರಮ ಆರೂಮುಕ್ಕಾಲಿಗೆ ಆರಂಭವಾಯಿತು. ಮುಂದಿನ ಸಾಲುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು, ನಡುವೆ ಮಕ್ಕಳೊಂದಿಗೆ ಬಂದ ಕುಟುಂಬಗಳು, ಹಿಂದೆ ಬರೀ ಕುತೂಹಲಕ್ಕೆ ಬಂದಿದ್ದ ಹಿರಿಯರು ಇದ್ದರು. ವಿರಾಮದಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುತ್ತಿದ್ದವು. ಇಂಗ್ಲಿಷ್ ಹಾಡುಗಳಿಗೆ ಮುಂದಿನ ಸಾಲುಗಳು ಮಾತ್ರ ಕುಣಿದವು. ಕೊನೆಯ ಭಾಗದಲ್ಲಿ ಶಿಶುನಾಳ ಶರೀಫರ ತತ್ತ್ವಪದವೊಂದನ್ನು ಎತ್ತಿಕೊಂಡೆವು. ಶರೀಫರ ಪದಗಳಿಗೆ ಗಿಟಾರ್ ಹೊಂದಿಸುವುದು ರಘು ದೀಕ್ಷಿತ್ ಅವರ ತಂಡದಿಂದೀಚೆಗೆ ಹೊಸ ಸಾಹಸವೇನಲ್ಲ, ನಮ್ಮದು ಅದರಲ್ಲಿ ಶ್ರೇಷ್ಠವೂ ಅಲ್ಲ. ಆದರೆ ಎರಡನೆಯ ಚರಣದಲ್ಲಿ ಹಿಂದಿನ ಸಾಲುಗಳ ಹಿರಿಯರು ಹಾಡಲು ಆರಂಭಿಸಿದರು, ಅದೂ ನಮ್ಮ ಧಾಟಿಯಲ್ಲಿ ಅಲ್ಲ, ಭಜನೆಯಲ್ಲಿ ತಾವು ಕಲಿತ ಧಾಟಿಯಲ್ಲಿ. ನಾನು ಗಾಬರಿಯಿಂದ ಹಾಡುಗಾರ್ತಿಯ ದನಿಯನ್ನು ಏರಿಸಲು ಕೈ ಹಾಕಿದಾಗ ಕಾಕಾ ನನ್ನ ಮಣಿಕಟ್ಟು ಹಿಡಿದು, ಬದಲಿಗೆ ಎರಡೂ ಗಿಟಾರ್‌ಗಳನ್ನು ಕೆಳಗಿಳಿಸಿದರು. ಡ್ರಮ್ಮರ್ ಕೈ ಹಗುರ ಮಾಡಿದ, ಹಾಡುಗಾರ್ತಿ ಜನರ ಧಾಟಿಗೆ ಬಂದಳು, ಮೈಕ್ ಇಲ್ಲದೆಯೂ ಮಾತು ಕೇಳಿಸುವಂತೆ ಕಟ್ಟಿದ ಆ ಮಂದಿರ ಉಳಿದದ್ದನ್ನು ನೋಡಿಕೊಂಡಿತು. ಬಾಡಿಗೆ ಪಟ್ಟಿಯಲ್ಲಿ ಇದಕ್ಕೆಲ್ಲ ದರ ಇರುವುದಿಲ್ಲ.

ಒಂಬತ್ತೂವರೆಗೆ ಮುಗಿಸಲೇಬೇಕೆಂದು ಅವರು ಮೊದಲೇ ಹೇಳಿದ್ದರು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ, ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಇದೆಯಲ್ಲ ಎಂದು ನಾನು ವಾದಿಸಿದೆ. ಅವರು ಮಾತಾಡದೆ ಮೇಲಿನ ಕಿಟಕಿಗಳನ್ನು ತೋರಿಸಿದರು. ಅವುಗಳಲ್ಲಿ ಅರ್ಧ ಮುಚ್ಚುವುದೇ ಇಲ್ಲ, ಆಚೆ ಮನೆಗಳಿವೆ. ವಸತಿ ಪ್ರದೇಶಕ್ಕೆ ಆ ನಿಯಮಗಳು ರಾತ್ರಿ ಇಟ್ಟಿರುವ ಮಿತಿ 45 ಡೆಸಿಬಲ್, ಇಬ್ಬರು ಮೆಲ್ಲಗೆ ಮಾತಾಡಿದರೂ ಅದು ದಾಟುತ್ತದೆ. ನಾವು ಮರುದಿನ ಹೊರಟುಹೋಗುವವರು, ಅವರು ಅದೇ ಮಂದಿರಕ್ಕೆ ಮುಂದಿನ ವಾರವೂ ಮೈಕ್ ಹಾಕಬೇಕಾದವರು. ಒಂಬತ್ತು ಇಪ್ಪತ್ತೈದಕ್ಕೆ ಮುಗಿಸಿದೆವು.

ಬಿಲ್ಲು ಒಟ್ಟು 32,000 ರೂಪಾಯಿ ಆಯಿತು. ಕೈಕೊಟ್ಟ ಸಂಸ್ಥೆ ಹೇಳಿದ್ದು 45,000. ಕಾಕಾ ಅವರ ಬಿಲ್ಲಿನಲ್ಲಿ ಡ್ರಮ್‌ಗಳ ಬಾಡಿಗೆ ಸೇರಿದೆ, ಜಮಖಾನೆಗಳ ಹಣವನ್ನು ಪೆಂಡಾಲ್‌ನವರಿಗೆ ನಾವು ಬೇರೆಯಾಗಿ ಕೊಟ್ಟೆವು. ಸತ್ತ ಮಾನಿಟರ್‌ನ ಬಾಡಿಗೆಯನ್ನು ನಾವು ಕೇಳುವ ಮೊದಲೇ ಕಾಕಾ ಕಳೆದಿದ್ದರು. ಬಿಲ್ಲು ಲೆಟರ್ ಪ್ಯಾಡ್‌ನಲ್ಲಿ ಕೈಬರಹದಲ್ಲಿತ್ತು, ಪ್ರಾಯೋಜಕರಿಗೆ ಲೆಕ್ಕ ಒಪ್ಪಿಸಬೇಕಾದ ತಂಡಗಳು ಮೊದಲೇ ಮಾತಾಡಿಕೊಳ್ಳುವುದು ಲೇಸು. ಊಟ, ವಸತಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಕುಂದಾದ ಬಗ್ಗೆ ನನಗಿಂತ ಬಲ್ಲವರು ಸಾಕಷ್ಟು ಬರೆದಿದ್ದಾರೆ.

ಇಲ್ಲಿ ಮತ್ತೆ ಕಾರ್ಯಕ್ರಮ ಕೊಡುವುದಾದರೆ ಇದೇ ಅಂಗಡಿಗೆ ಹೋಗುತ್ತೇನೆ, ಆದರೆ ಕೆಲವು ಸಿದ್ಧತೆಗಳೊಂದಿಗೆ. ನಾಲ್ಕು ಮಾನಿಟರ್ ಮಿಕ್ಸ್ ಬೇಕಾದ ತಂಡ ಅದಕ್ಕೆ ಬೇಕಾದ ಸಾಮಾನನ್ನು ಹುಬ್ಬಳ್ಳಿಯಿಂದಲೇ ತರಬೇಕು. ಡಿಐ ಬಾಕ್ಸ್‌ಗಳನ್ನೂ ಕೇಬಲ್‌ಗಳಿಗೆ ಅಂಟಿಸುವ ಬಣ್ಣದ ಟೇಪನ್ನೂ ಸ್ವಂತದ್ದೇ ಒಯ್ಯಬೇಕು. ಎಕೋದ ಗುಂಡಿಯನ್ನು ಮೊದಲ ಹಾಡಿಗೆ ಮುನ್ನ ತಾವೇ ನೋಡಿಕೊಳ್ಳಬೇಕು. ಸಾಮಾನು ಕಟ್ಟುವಾಗ ನಮ್ಮ ಹುಡುಗ ಕೇಬಲನ್ನು ಮೊಣಕೈಗೆ ಸುತ್ತುತ್ತಿದ್ದುದನ್ನು ಕಂಡು ಕಾಕಾ ಗದರಿದರು, ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿ ಹರಿಯುತ್ತದೆ ಎಂದು. ಒಂದು ಸುತ್ತು ಮೇಲಿನಿಂದ, ಇನ್ನೊಂದು ಸುತ್ತು ಕೆಳಗಿನಿಂದ ಹಾಕುವುದನ್ನು ಅವನ ಕೈ ಹಿಡಿದು ತೋರಿಸಿ, ಎಲ್ಲ ಕೇಬಲ್‌ಗಳನ್ನೂ ಬಿಚ್ಚಿಸಿ ಮತ್ತೆ ಸುತ್ತಿಸಿದರು. ನಾವು ಮಂದಿರದಿಂದ ಹೊರಬಿದ್ದಾಗ ಹನ್ನೊಂದೂವರೆಯಾಗಿತ್ತು, ಚಳಿ ಚೆನ್ನಾಗಿಯೇ ಹಿಡಿದಿತ್ತು, ಕಾಕಾ ಅವರ ಗಾಡಿ ಮಾತ್ರ ಮನೆಯ ಕಡೆಗೆ ಹೋಗದೆ, ಮರುದಿನ ಬೆಳಗಿನ ಧರಣಿಯ ಟೆಂಟಿಗೆ ಎರಡು ಬಾಕ್ಸ್ ಇಳಿಸಲು ಹೆದ್ದಾರಿಯ ಕಡೆಗೆ ತಿರುಗಿತು.